ಕೊನೆ ಭಾಗದ ಮೂವತ್ತು ಚೀಲ

ನಾಟಿ ಮುಗಿದ ಮೇಲಿನ ಹದಿನೈದು ದಿನ ನಮ್ಮ ಸಾಲಗುಂದದ ಹೋಟೆಲ್ ಕಟ್ಟೆಯಲ್ಲಿ ಮಾತಿಗೆ ಬರ ಇರುವುದಿಲ್ಲ. ಗದ್ದೆಯಲ್ಲಿ ನೀರು ನಿಂತಿರುತ್ತದೆ, ಯೂರಿಯಾ ಎರಚಲು ಇನ್ನೂ ದಿನ ಇರುತ್ತದೆ, ಒಗ್ಗರಣಿ ಮಿರ್ಚಿ ತಿಂದು ಚಾ ಕುಡಿದವರಿಗೆ ಎದ್ದು ಹೋಗಲು ಕಾರಣವೇ ಇರುವುದಿಲ್ಲ. ಈ ಸಲ ಜಗಳ ಹಚ್ಚಿದವನು ನನ್ನ ಅಕ್ಕನ ಮಗ. ಮೊಬೈಲಿನಿಂದ ತಲೆ ಎತ್ತದೆಯೇ ಕೇಳಿದ: "ಮಾಮ, ಪ್ರಕಾಶ್ ಪಡುಕೋಣೆ ಅಂದ್ರ ಪ್ರಕಾಶ್ ಪಡುಕೋಣೆ ಅಂತ ಹಾಡ್ತಿಯಲ್ಲ, ಅವ್ರಿಗೆ ಒಲಿಂಪಿಕ್ಸ್ ಮೆಡಲ್ ಎಷ್ಟದಾವ?"

"ಒಂದೂ ಇಲ್ಲ" ಅಂದೆ.

"ಸಿಂಧುಗೆ ಎರಡು. ಸೈನಾಗ ಒಂದು." ಅಷ್ಟು ಹೇಳಿ ಮಿರ್ಚಿ ಮುರಿದು ಬಾಯಿಗಿಟ್ಟುಕೊಂಡ. ಲೆಕ್ಕ ಚುಕ್ತಾ ಆಯಿತು ಅನ್ನುವ ಹಾಗೆ.

ಈ ಅಂಕಣ ಓದುವವರು ನನ್ನನ್ನು ಮತ್ತೆ ಮತ್ತೆ ಕೇಳುವುದೂ ಇದನ್ನೇ. ಹೆಸರುಗಳು ಬೇರೆ, ಅಷ್ಟೆ. ಜೊಕೊವಿಚ್ ದೊಡ್ಡವನೋ ಫೆಡರರ್ ದೊಡ್ಡವನೋ? ಬೋಲ್ಟ್ ಮುಂದೆ ಜೆಸ್ಸಿ ಓವೆನ್ಸ್ ಓಡಿದ್ದರೆ ಏನಾಗುತ್ತಿತ್ತು? ಕ್ರಿಕೆಟ್ಟಿನಂಥ ಗುಂಪಿನ ಆಟದಲ್ಲಿ ತಪ್ಪಿಸಿಕೊಳ್ಳಲು ಹತ್ತು ದಾರಿಗಳಿವೆ. ಕ್ಯಾಚ್ ಬಿಟ್ಟವನು ಬೇರೆಯವನು, ರನ್ ಔಟ್ ಮಾಡಿಸಿದವನು ಮತ್ತೊಬ್ಬ. ಒಬ್ಬನೇ ಆಡುವ ಆಟದಲ್ಲಿ ಗೆದ್ದರೂ ಅವನೇ, ಸೋತರೂ ಅವನೇ. ಹಾಗಾಗಿ ಅಲ್ಲಿ ಯಾರು ದೊಡ್ಡವರು ಎಂದು ಹೇಳುವುದು ಸಲೀಸು ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಪದಕ ಎಣಿಸು, ಹೆಚ್ಚಿದ್ದವರ ಕೊರಳಿಗೆ ಹಾರ ಹಾಕು. ನಾನೂ ಬಹಳ ಕಾಲ ಹಾಗೇ ನಂಬಿದ್ದೆ. ಆದರೆ ಎಣಿಸಲು ಎಲ್ಲಕ್ಕಿಂತ ಕಷ್ಟವಾದದ್ದು ಒಬ್ಬನೇ ಆಡುವ ಆಟ ಎಂದು ಈಗ ಅನ್ನಿಸುತ್ತದೆ.

ನಾನು ಬಾಯಿ ತೆರೆಯುವ ಮೊದಲೇ ಬಾಜೂ ಬೆಂಚಿನ ತಾತ ನಡುವೆ ಬಂದ. ತಾತನಿಗೆ ಬ್ಯಾಡ್ಮಿಂಟನ್ ಎಂದರೆ 'ಆ ಪುಕ್ಕದ ಆಟ'. ಅದಕ್ಕಿಂತ ಹೆಚ್ಚು ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಉಮೇದಿಯೂ ಇಲ್ಲ. ಆದರೂ ಹೇಳಿದ: "ಮ್ಯಾಲಿನ ತೂಬಿನವ ಎಕರೆಕ್ಕ ನಲವತ್ತು ಚೀಲ ತೆಗೆದ್ರ ಅದು ನಾಲಿ ಬೆಳೆದದ್ದೋ ತಮ್ಮಾ. ಕೊನೆ ಭಾಗದಾಗ ಮೂವತ್ತು ತೆಗೀತಾನಲ್ಲ, ಅದು ಅವ ಬೆಳೆದದ್ದು."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದವರು ತೂಬಿನ ಬಾಯಿಗೆ ಕೂತಿರುತ್ತಾರೆ. ಕೊನೆ ಭಾಗದವರಿಗೆ ನೀರು ಬರುವ ಹೊತ್ತಿಗೆ ಪೈರು ಅರ್ಧ ಬಾಡಿರುತ್ತದೆ; ವರ್ಷ ಬಿಟ್ಟು ವರ್ಷ ರಸ್ತೆಗಿಳಿದು ನೀರು ಕೇಳಬೇಕು. ಚೀಲ ಎಣಿಸುವ ಮೊದಲು ಗದ್ದೆ ಎಲ್ಲಿದೆ ಎಂದು ಕೇಳುವುದು ಇಲ್ಲಿಯ ಬುದ್ಧಿ. ಆಟಗಾರರ ವಿಷಯಕ್ಕೆ ಬಂದಾಗ ಮಾತ್ರ ನಾವು ಅದನ್ನು ಕೇಳುವುದನ್ನೇ ಮರೆಯುತ್ತೇವೆ.

ಪ್ರಕಾಶರ ಗದ್ದೆ ಎಲ್ಲಿತ್ತು? ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆ ನಡೆಯುವ ಹಾಲ್. ಅಂದು ಮದುವೆ ಇದ್ದರೆ ಆಟ ಇಲ್ಲ. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು, ಯಾಕೆಂದರೆ ನಾವು ಹುಡುಗರು ಶಟಲ್ ಆಡುತ್ತಿದ್ದದ್ದು ಒಂದು ಅಕ್ಕಿ ಗಿರಣಿಯ ಗೋದಾಮಿನಲ್ಲಿ. ನಮ್ಮ ಬಯಲು ಸೀಮೆಯ ಗಾಳಿಗೆ ಹೊರಗೆ ಆಡಿದರೆ ಕಾಕ್ ಪಕ್ಕದವರ ಬಣವೆಯ ಮೇಲೆ ಹೋಗಿ ಕೂರುತ್ತಿತ್ತು. ಗೋದಾಮಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಗೋಣಿಚೀಲ ಬಿಚ್ಚಿ ಹೊಲಿದ ನೆಟ್, ಸುಣ್ಣದ ಪುಡಿಯಲ್ಲಿ ಎಳೆದ ಗೆರೆ, ಮೇಲೆ ತಗಡಿನಲ್ಲಿ ಎರಡು ತೂತು. ಮಧ್ಯಾಹ್ನ ಆ ತೂತುಗಳಿಂದ ಬಿಸಿಲಿನ ಕೋಲು ಇಳಿದು ಸರಿಯಾಗಿ ಸರ್ವಿಸ್ ಮಾಡುವವನ ಕಣ್ಣಿಗೇ ಬೀಳುತ್ತಿತ್ತು. ಸುಗ್ಗಿ ಬಂದರೆ ಗೋದಾಮು ತುಂಬುತ್ತಿತ್ತು, ಆಟ ಬಂದ್. ಅವರಿಗೆ ಮದುವೆ, ನಮಗೆ ಭತ್ತ. ಹೋಲಿಕೆ ಇಷ್ಟಕ್ಕೇ ಮುಗಿಯುತ್ತದೆ. ಅಲ್ಲಿಂದ ಎದ್ದ ಪ್ರಕಾಶ್ 1971ರಿಂದ 1979ರವರೆಗೆ ಸತತ 9 ಸಲ ರಾಷ್ಟ್ರೀಯ ಚಾಂಪಿಯನ್ ಆದರು, ನಾವು ತಾಲ್ಲೂಕು ಮಟ್ಟದ ಮೊದಲ ಸುತ್ತಿನಲ್ಲಿ ಸೋತು ಬಸ್ ಹತ್ತಿದೆವು.

ಈಗ ಅಳಿಯನ ಒಲಿಂಪಿಕ್ಸ್ ಲೆಕ್ಕಕ್ಕೆ ಬರೋಣ. ಬ್ಯಾಡ್ಮಿಂಟನ್ ಒಲಿಂಪಿಕ್ಸಿನ ಪದಕದ ಆಟವಾದದ್ದು 1992ರಲ್ಲಿ, ಬಾರ್ಸಿಲೋನಾದಲ್ಲಿ. 1955ರಲ್ಲಿ ಹುಟ್ಟಿದ ಪ್ರಕಾಶರಿಗೆ ಆಗ 37 ವರ್ಷ, ರ‍್ಯಾಕೆಟ್ ಕೆಳಗಿಟ್ಟು ಆಗಿತ್ತು. ಇಲ್ಲದ ಪದಕವನ್ನು ಅವರು ತರಲಿಲ್ಲ ಎನ್ನುವುದು, ಅಣೆಕಟ್ಟು ಕಟ್ಟುವ ಮೊದಲು ನಿಮ್ಮ ಮುತ್ತಜ್ಜ ಜೋಳ ಬಿಟ್ಟು ಭತ್ತ ಯಾಕೆ ಬೆಳೆಯಲಿಲ್ಲ ಎಂದು ಕೇಳಿದ ಹಾಗೆ. ವಿಶ್ವ ಚಾಂಪಿಯನ್‌ಷಿಪ್ ಕೂಡ ಶುರುವಾದದ್ದು 1977ರಲ್ಲಿ, ಅದೂ ಮೊದಮೊದಲು ಮೂರು ವರ್ಷಕ್ಕೊಮ್ಮೆ. 1983ರಲ್ಲಿ ಕೋಪನ್‌ಹೇಗನ್‌ನಲ್ಲಿ ಪ್ರಕಾಶ್ ಅದರ ಕಂಚು ತಂದರು. ಆ ಆಟದಲ್ಲಿ ವಿಶ್ವ ಪದಕ ಕಂಡ ಮೊದಲ ಭಾರತೀಯ ಅವರೇ. ಸಿಂಧು ಆಡುವ ಕಾಲಕ್ಕೆ ಒಲಿಂಪಿಕ್ಸ್ ವರ್ಷ ಬಿಟ್ಟು ಉಳಿದ ಎಲ್ಲ ವರ್ಷವೂ ವಿಶ್ವ ಚಾಂಪಿಯನ್‌ಷಿಪ್ ಇದೆ. ಎಷ್ಟು ಬಾಗಿಲು ತೆರೆದಿತ್ತು ಎಂದು ನೋಡದೆ ಎಷ್ಟು ಬಾಗಿಲು ದಾಟಿದರು ಎಂದು ಎಣಿಸಿದರೆ ಹೇಗೆ?

ಪ್ರಕಾಶರ ಕಾಲದಲ್ಲಿ ತೆರೆದಿದ್ದ ದೊಡ್ಡ ಬಾಗಿಲು ಆಲ್ ಇಂಗ್ಲೆಂಡ್. 1980ರ ಮಾರ್ಚ್. ಅದಕ್ಕೂ ಮುಂಚೆ ಆ ವರ್ಷವೇ ಡ್ಯಾನಿಶ್ ಓಪನ್, ಸ್ವೀಡಿಶ್ ಓಪನ್ ಗೆದ್ದು ಲಂಡನ್ನಿನ ವೆಂಬ್ಲಿಗೆ ಬಂದಿದ್ದರು. ಫೈನಲ್‌ನಲ್ಲಿ ಎದುರಿಗಿದ್ದವನು ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್. 1978 ಮತ್ತು 1979ರ ಚಾಂಪಿಯನ್, ನೆಗೆದು ಹೊಡೆಯುವ ಸ್ಮ್ಯಾಶಿಗೆ ಹೆಸರಾದವನು. ಪ್ರಕಾಶ್ ವೇಗಕ್ಕೆ ವೇಗ ಕೊಡಲು ಹೋಗಲಿಲ್ಲ. ಡ್ರಾಪ್, ಟಾಸ್, ಅರ್ಧ ಬಲದ ಸ್ಮ್ಯಾಶ್. ಹೊಡೆತ ಒಂದು ಕಡೆ ಬರುತ್ತದೆಂದು ಎದುರಾಳಿ ಹೆಜ್ಜೆ ಇಟ್ಟ ಮೇಲೆ ಮಣಿಕಟ್ಟು ಇನ್ನೊಂದು ಕಡೆ ತಿರುಗುತ್ತಿತ್ತು. 15-3, 15-10. ಆಗಿನ ನಿಯಮದಲ್ಲಿ ಸರ್ವಿಸ್ ಕೈಯಲ್ಲಿದ್ದವನಿಗೆ ಮಾತ್ರ ಅಂಕ. ಈಗಿನಂತೆ ಪ್ರತಿ ರ‍್ಯಾಲಿಗೂ ಅಂಕ ಸಿಗುತ್ತಿರಲಿಲ್ಲ. ಹಾಗಿದ್ದಾಗ ಕಿಂಗ್‌ನಂಥವನಿಗೆ ಮೊದಲ ಗೇಮಿನಲ್ಲಿ ಮೂರೇ ಅಂಕ ಎಂದರೆ, ಆತ ಎಷ್ಟು ಸಲ ಸರ್ವಿಸ್ ಗಳಿಸಿ ಎಷ್ಟು ಸಲ ಕಳೆದುಕೊಂಡಿರಬೇಕು ಯೋಚಿಸಿ. ಇಲ್ಲಿಗೆ ಸುದ್ದಿ ಬಂದದ್ದು ಮರುದಿನದ ರೇಡಿಯೋದಲ್ಲಿ, ಚಿತ್ರ ಬಂದದ್ದು ಅದರ ಮರುದಿನ ಬಸ್ಸಿನಲ್ಲಿ ಬಂದ ಪೇಪರಿನಲ್ಲಿ. ಆ ಪುಟ ಕತ್ತರಿಸಿ ಗೋದಾಮಿನ ಬಾಗಿಲಿಗೆ ಅಂಟಿಸಿದ್ದೆವು. ಅಂಟಿಗೆ ಗಂಜಿ ಹಚ್ಚಿದ್ದರಿಂದ ಇಲಿ ತಿಂದವು.

"ಅಲ್ಲಿ ಚೀನಾದವ್ರು ಆಡೇ ಇಲ್ಲಂತಲ್ಲ" ಎಂದ ಅಳಿಯ. ಅಷ್ಟರಲ್ಲಿ ಅವನ ಮೊಬೈಲು ಅವನಿಗೆ ಇನ್ನೊಂದು ಗುಂಡು ತುಂಬಿಸಿ ಕೊಟ್ಟಿತ್ತು.

ಮಾತು ನಿಜ, ಇದನ್ನು ಪ್ರಕಾಶರ ಅಭಿಮಾನಿಗಳು ಮುಚ್ಚಿಡಬಾರದು. ಚೀನಾ ಆಗ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಫೆಡರೇಷನ್ನಿನ ಹೊರಗಿತ್ತು. ಒಳಗೆ ಬಂದದ್ದು 1981ರಲ್ಲಿ. ಹೀಗಾಗಿ ಆ ಕಾಲದ ಆಲ್ ಇಂಗ್ಲೆಂಡ್ ಗೆದ್ದವರೆಲ್ಲರ, ಎಂಟು ಸಲ ಗೆದ್ದ ರೂಡಿ ಹಾರ್ಟೊನೊ ಅವರ ಹೆಸರಿನ ಮುಂದೆಯೂ ಒಂದು ಸಣ್ಣ ಪ್ರಶ್ನೆ ಉಳಿಯುತ್ತದೆ. ಅರವತ್ತರ ದಶಕದಲ್ಲಿ ಟಾಂಗ್ ಸಿನ್ ಫು ಎಂಬ ಚೀನೀ ಆಟಗಾರನಿದ್ದ. ಏಳು ಸಲ ಆಲ್ ಇಂಗ್ಲೆಂಡ್ ಗೆದ್ದ ಡೆನ್ಮಾರ್ಕಿನ ಅರ್ಲೆಂಡ್ ಕಾಪ್ಸ್‌ನನ್ನು ಆತ ಸ್ನೇಹಪರ ಪಂದ್ಯದಲ್ಲಿ ಸುಲಭವಾಗಿ ಸೋಲಿಸಿದ್ದ. ಆಲ್ ಇಂಗ್ಲೆಂಡ್ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ. ಮುಂದೆ ಕೋಚ್ ಆಗಿ ಲಿನ್ ಡಾನ್‌ನಂಥವನನ್ನು ತಿದ್ದಿದ. ಅವನನ್ನು ಎಲ್ಲಿ ನಿಲ್ಲಿಸುತ್ತೀರಿ? ಪದಕದ ಪಟ್ಟಿ ಹಿಡಿದುಕೊಂಡು ಹೊರಟರೆ ಅವನು ಕಣ್ಣಿಗೇ ಬೀಳುವುದಿಲ್ಲ.

ಪ್ರಕಾಶರ ಮಟ್ಟಿಗೆ ಆ ಪ್ರಶ್ನೆಗೆ ಅರ್ಧ ಉತ್ತರ ಒಂದೂವರೆ ವರ್ಷದಲ್ಲೇ ಸಿಕ್ಕಿತು. 1981ರಲ್ಲಿ ಕ್ವಾಲಾಲಂಪುರದ ವಿಶ್ವಕಪ್. ಈಗ ಚೀನಾದವರು ಒಳಗೆ ಬಂದಿದ್ದರು. ಫೈನಲ್‌ನಲ್ಲಿ ಎದುರಿಗೆ ಹಾನ್ ಜಿಯಾನ್, ಮುಂದೆ 1985ರಲ್ಲಿ ವಿಶ್ವ ಚಾಂಪಿಯನ್ ಆಗುವವನು. ಪ್ರಕಾಶ್ ಗೆದ್ದರು, 15-0, 18-16. ಮೊದಲ ಗೇಮಿನಲ್ಲಿ ಸೊನ್ನೆ! ನನ್ನನ್ನು ಕೇಳಿದರೆ ಅವರ ಬದುಕಿನ ದೊಡ್ಡ ಅಂಕಿ 1980ರದ್ದಲ್ಲ, ಇದು. ಆದರೆ ಇದಕ್ಕೆ ಯಾರೂ ಹಾರ ಹಾಕುವುದಿಲ್ಲ, ಯಾಕೆಂದರೆ ಆ ವಿಶ್ವಕಪ್ ಪಂದ್ಯಾವಳಿಯೇ ಮುಂದೆ ನಿಂತುಹೋಯಿತು. ನಿಂತುಹೋದ ಸಂತೆಯಲ್ಲಿ ಮಾಡಿದ ವ್ಯಾಪಾರವನ್ನು ಯಾರು ನೆನಪಿಡುತ್ತಾರೆ?

ಬರೀ ಎಣಿಕೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಟೆನಿಸ್ಸಿನಲ್ಲಿ ಒಂದು ಒಳ್ಳೆಯ ಕತೆ ಇದೆ. ಆಸ್ಟ್ರೇಲಿಯಾದ ರಾಡ್ ಲೇವರ್ 1962ರಲ್ಲಿ ಒಂದೇ ವರ್ಷ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಗೆದ್ದ. ಮರುವರ್ಷ ಹಣಕ್ಕಾಗಿ ಆಡುವ ವೃತ್ತಿಪರರ ಸಾಲಿಗೆ ಸೇರಿದ. ಆಗಿನ ಕಾಯಿದೆಯಂತೆ ವೃತ್ತಿಪರರಿಗೆ ಗ್ರ್ಯಾಂಡ್‌ಸ್ಲಾಮ್ ಬಾಗಿಲು ಮುಚ್ಚಿತ್ತು. 1968ರಲ್ಲಿ ತೆರೆಯುವವರೆಗೆ 20ಕ್ಕೂ ಹೆಚ್ಚು ಗ್ರ್ಯಾಂಡ್‌ಸ್ಲಾಮ್‌ಗಳು ಅವನಿಲ್ಲದೆ ನಡೆದವು. ಬಾಗಿಲು ತೆರೆದದ್ದೇ ತಡ, 1969ರಲ್ಲಿ ಮತ್ತೆ ನಾಲ್ಕಕ್ಕೆ ನಾಲ್ಕೂ ಗೆದ್ದ! ಒಟ್ಟು 11. ಅದೇ ಆಸ್ಟ್ರೇಲಿಯಾದ ರಾಯ್ ಎಮರ್ಸನ್ ಗೆದ್ದದ್ದು 12. ಅದರಲ್ಲಿ 10 ಲೇವರ್ ಹೊರಗಿದ್ದ ಆ ವರ್ಷಗಳಲ್ಲೇ. ಎಮರ್ಸನ್‌ನ 12, 2000ದಲ್ಲಿ ಪೀಟ್ ಸಾಂಪ್ರಾಸ್ ಮುರಿಯುವವರೆಗೆ ದಾಖಲೆಯಾಗಿ ಉಳಿದಿತ್ತು. ಆದರೂ ಎಮರ್ಸನ್ ಲೇವರ್‌ಗಿಂತ ದೊಡ್ಡವನು ಎಂದು ಹೇಳಿದವರನ್ನು ನಾನು ಕಂಡಿಲ್ಲ. ಎಮರ್ಸನ್‌ನದು ಸುಳ್ಳು ಗೆಲುವಲ್ಲ. ಎದುರಿಗೆ ಬಂದವರನ್ನೆಲ್ಲ ಸೋಲಿಸಿದ್ದಾನೆ. ಬರಬೇಕಾದವನು ಬರಲಿಲ್ಲ, ಅದು ಅವನ ತಪ್ಪಲ್ಲ. ಆದರೂ ತೂಗುವಾಗ ತಕ್ಕಡಿ ಮೇಲೇಳುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಜೊಕೊವಿಚ್‌ನ 24ಕ್ಕೆ ತೂಕ ಹೆಚ್ಚು. ಅವನು ಗೆಲ್ಲುತ್ತಿದ್ದ ವರ್ಷಗಳಲ್ಲೇ ಎದುರಿಗೆ 22 ಗೆದ್ದ ನಡಾಲ್, 20 ಗೆದ್ದ ಫೆಡರರ್ ಇದ್ದರು. ಮುಖಾಮುಖಿ ಲೆಕ್ಕದಲ್ಲಿ ಇಬ್ಬರಿಗಿಂತಲೂ ಮುಂದಿದ್ದಾನೆ. ಫೆಡರರ್ ಆಟ ನೋಡಲು ಚೆಂದ ಎಂದು ನನಗೆ ಬರೆಯುವ ಓದುಗರಿಗೆ ನನ್ನ ತಕರಾರಿಲ್ಲ. ಚೆಂದಕ್ಕೂ ದೊಡ್ಡತನಕ್ಕೂ ನಂಟಿದೆ, ಆದರೆ ಬೀಗತನ ಇಲ್ಲ.

ಇನ್ನು ಓಟ. ಗಡಿಯಾರ ಸುಳ್ಳು ಹೇಳುವುದಿಲ್ಲ, ಅಲ್ಲಿ ವಾದವೇ ಬೇಡ ಎನ್ನುವವರಿದ್ದಾರೆ. ಅವರಿಗೆ 2020ರ ಫೆಬ್ರವರಿ ನೆನಪಿರಬೇಕು. ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಿಸಿ ನೋಡಿದರು: 100 ಮೀಟರಿಗೆ 9.55. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಮುಗಿಯಿತಲ್ಲ, ದೇಶವೆಲ್ಲ ಗದ್ದಲ, ಕೇಂದ್ರದ ಕ್ರೀಡಾ ಸಚಿವರಿಂದ ಟ್ರಯಲ್ಸಿಗೆ ಆಹ್ವಾನ. ಆ ಗದ್ದಲದಲ್ಲಿ ತಲೆ ನೆಟ್ಟಗಿದ್ದದ್ದು ಶ್ರೀನಿವಾಸ ಗೌಡರೊಬ್ಬರದೇ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಬೆರಳಿನ ಕೆಲಸ, ಎರಡೂ ಬೇರೆ ಎಂದು ಹೇಳಿ ಟ್ರಯಲ್ಸಿಗೆ ಹೋಗಲೇ ಇಲ್ಲ. ಮುಂದೆ ಎಳೆಯುವ ಕೋಣಗಳ ಬಲ ಬೇರೆ. ಕೆಸರು ನೀರಿನಲ್ಲಿ ಬೀಳದೆ ಆ ಕೋಣಗಳ ಹಿಂದೆ ಓಡುವುದು ಬೋಲ್ಟ್‌ನಿಂದ ಆಗುವ ಮಾತಲ್ಲ. ನಿಂತಲ್ಲಿಂದ ಬ್ಲಾಕ್ ಒದ್ದು ಹೊರಟು 9.58ಕ್ಕೆ ಮುಟ್ಟುವುದು ಕಂಬಳದವರಿಂದ ಆಗುವ ಮಾತಲ್ಲ. ಬ್ಲಾಕ್ ಎಂದಾಗ ಓವೆನ್ಸ್ ನೆನಪಾಗುತ್ತಾನೆ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಓಟಗಾರರು ಕಾಲಿಡುವ ಗುಂಡಿಯನ್ನು ತಾವೇ ಸಣ್ಣ ಕರಣೆಯಿಂದ ತೋಡಿಕೊಳ್ಳಬೇಕಿತ್ತು. ಇದ್ದಲಿನ ಬೂದಿಯಂಥ ಟ್ರ್ಯಾಕು, ತೋಡಿದ ಗುಂಡಿ, 10.3 ಸೆಕೆಂಡು. ಬರ್ಲಿನ್ ಅದೇ, ನೆಲ ಬೇರೆ. ಗಡಿಯಾರಕ್ಕೆ ನೆಲ ಕಾಣಿಸುವುದಿಲ್ಲ.

ಸಮಾನ ನೆಲ, ಸಮಾನ ಭಾರ, ಸಮಾನ ಹೊತ್ತು ಕೊಟ್ಟು ಅಳೆಯುವ ಪಂದ್ಯ ನಾನು ನೋಡಿದ್ದು ನಮ್ಮ ಜಿಲ್ಲೆಯಲ್ಲೇ. ಕಾರ ಹುಣ್ಣಿಮೆಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುತ್ತವಲ್ಲ, ಅದು. ಒಂದೂವರೆ ಟನ್ನಿನದು ಬೇರೆ, ಎರಡು ಟನ್ನಿನದು ಬೇರೆ. ಹೊತ್ತು ಮುಗಿದ ಕೂಡಲೇ ಟೇಪು ಹಿಡಿದು ಎಷ್ಟು ದೂರ ಎಂದು ಅಳೆಯುತ್ತಾರೆ. ಇದಕ್ಕಿಂತ ಚೊಕ್ಕ ಲೆಕ್ಕ ಇನ್ಯಾವುದಿದೆ? ಆದರೆ ನಮ್ಮ ತಾತ ಅದನ್ನೂ ಒಪ್ಪುವುದಿಲ್ಲ. ಯಾವುದೋ ವರ್ಷ ಹಿಂದಿನ ರಾತ್ರಿ ಮಳೆ ಬಂದು ನೆಲ ಹಿಡಿದುಕೊಂಡಿತ್ತಂತೆ, ಮೊದಲು ಎಳೆದ ಜೋಡಿಗೆ ಮೋಸವಾಯಿತಂತೆ, ಆಮೇಲೆ ಎಳೆದವಕ್ಕೆ ಜಾಡು ಬಿದ್ದಿತ್ತಂತೆ. ಆ ಎತ್ತುಗಳು ಸತ್ತು ಎಷ್ಟು ಕಾಲವಾಯಿತೋ, ತಕರಾರು ಮಾತ್ರ ಜೀವಂತ.

ಪಂಕಜ್ ಅಡ್ವಾಣಿ ಹೆಸರು ಬಂದಾಗಲೆಲ್ಲ ನನಗೆ ಸ್ವಲ್ಪ ಬೇಸರವಾಗುತ್ತದೆ. ಬೆಂಗಳೂರಿನಲ್ಲೇ ಬೆಳೆದ ಆಟಗಾರ. ಬಿಲಿಯರ್ಡ್ಸ್, ಸ್ನೂಕರ್ ಸೇರಿ 2024ರ ನವೆಂಬರ್ ಹೊತ್ತಿಗೆ 28 ವಿಶ್ವ ಪ್ರಶಸ್ತಿ. ಎಣಿಕೆಯೇ ಮಾನದಂಡವಾದರೆ ಕರ್ನಾಟಕದಲ್ಲಿ ಅವರ ಹತ್ತಿರ ಸುಳಿಯುವವರಿಲ್ಲ. ಪದಕ ಎಣಿಸಿ ಸಿಂಧು ದೊಡ್ಡವಳು ಎನ್ನುವ ನನ್ನ ಅಳಿಯನೇ ಇಲ್ಲಿಗೆ ಬಂದಾಗ "ಅದನ್ನ ಯಾರು ಆಡ್ತಾರ ಮಾಮ?" ಎಂದು ಉಲ್ಟಾ ಹೊಡೆದ. ಬಿಲಿಯರ್ಡ್ಸ್ ಆಡುವ ದೇಶಗಳು ಕಡಿಮೆ, ನಿಜ. ಹಾಗಿದ್ದರೆ ಎದುರಾಳಿಗಳನ್ನು ತೂಗಬೇಕು ಎಂದು ಅವನೂ ಒಪ್ಪಿದ ಹಾಗಾಯಿತಲ್ಲ. ನಮಗೆ ಬೇಕಾದವರಿಗೆ ಎಣಿಕೆ, ಬೇಡಾದವರಿಗೆ ತೂಕ!

ಕೊನೆ ಭಾಗದಲ್ಲಿದ್ದ ಮಾತ್ರಕ್ಕೆ ಎಲ್ಲರೂ ದೊಡ್ಡ ರೈತರಾಗುವುದಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಅಲ್ಲಿ ಮೂವತ್ತು ಚೀಲ ತೆಗೆದವನನ್ನು ಮೆಚ್ಚುವುದು, ಅದೇ ಕಾಲುವೆಯ ನೀರು ಕುಡಿದ ಪಕ್ಕದ ಗದ್ದೆ ಹದಿನೈದಕ್ಕೆ ನಿಂತಿದ್ದನ್ನು ಕಂಡಿದ್ದರಿಂದ. ಪ್ರಕಾಶರ ಪಕ್ಕದ ಗದ್ದೆಗಳನ್ನು ನೋಡಿ. ಅವರಿಗಿಂತ ಮೊದಲು ಹೊರದೇಶದಲ್ಲಿ ಪ್ರಶಸ್ತಿ ಗೆದ್ದವರಲ್ಲಿ ಮೊದಲಿಗರು 1956ರಲ್ಲಿ ಈಗಿನ ಮಲೇಷ್ಯಾದ ಸೆಲಂಗೋರ್‌ನಲ್ಲಿ ಗೆದ್ದ ನಂದು ನಾಟೇಕರ್. ಪ್ರಕಾಶರಾದ ಮೇಲೆ ಇನ್ನೊಬ್ಬ ಭಾರತೀಯ ಆಲ್ ಇಂಗ್ಲೆಂಡ್ ಗೆಲ್ಲಲು 21 ವರ್ಷ ಬೇಕಾಯಿತು; 2001ರಲ್ಲಿ ಗೆದ್ದ ಆ ಗೋಪಿಚಂದ್ ಕೂಡ ಪ್ರಕಾಶರ ಅಕಾಡೆಮಿಯಲ್ಲಿ ಪಳಗಿದವರೇ. ಸಿಂಧು, ಸೈನಾ ಇಬ್ಬರೂ ಗೋಪಿಚಂದರ ಕೈಯಲ್ಲಿ ತಯಾರಾದವರು. ನಾಲೆ ಎಲ್ಲಿಂದ ಹರಿದು ಬಂತು ನೋಡಿ.

ಸಿಂಧು ಕಡೆಯ ತೂಕವನ್ನು ಇಳಿಸಲು ಇದನ್ನು ಹೇಳುತ್ತಿಲ್ಲ. ಮರೀನ್, ತೈ ತ್ಸು ಯಿಂಗ್, ಒಕುಹಾರಾ, ಯಮಗುಚಿ, ಚೆನ್ ಯುಫೆ ಎಲ್ಲರೂ ಒಂದೇ ಕಾಲಕ್ಕೆ ಇದ್ದರು. ಅವರ ನಡುವೆ ರಿಯೋದಲ್ಲಿ ಬೆಳ್ಳಿ, ಟೋಕಿಯೋದಲ್ಲಿ ಕಂಚು, 2019ರಲ್ಲಿ ಬಾಸೆಲ್‌ನಲ್ಲಿ ಒಕುಹಾರಾ ಮೇಲೆ 21-7, 21-7ರ ವಿಶ್ವ ಚಿನ್ನ. ಎದುರಾಳಿಗಳ ಸಾಲು ನೋಡಿದರೆ ಸಿಂಧು ದಾಟಿದ ಹೊಳೆಯೇ ಹೆಚ್ಚು ಆಳ. ಇಷ್ಟನ್ನೂ ಒಪ್ಪಿಕೊಂಡು ನಾನು ಪ್ರಕಾಶರ ಹೆಸರು ಹೇಳುತ್ತೇನೆ. ಅದರಲ್ಲಿ ಅರ್ಧ ವಾದ, ಇನ್ನರ್ಧ ಗಂಜಿ ಹಚ್ಚಿ ಅಂಟಿಸಿದ ಆ ಪೇಪರ್ ಪುಟ. ನನ್ನ ಅಳಿಯನಿಗೆ ಆ ಪುಟ ಇಲ್ಲ. ಅವನಿಗೆ 2016ರ ಆಗಸ್ಟಿನ ಸಂಜೆ ಅವರ ಮನೆಯ ಟಿ.ವಿ. ಮುಂದೆ ಓಣಿಯೇ ಬಂದು ಕೂತದ್ದು ಇದೆ. ಇಬ್ಬರದೂ ಪೂರಾ ನ್ಯಾಯವಾದ ತಕ್ಕಡಿಯಲ್ಲ.

ಚಾ ಎರಡನೇ ಸುತ್ತು ಬಂತು. ಅಳಿಯ ಸುಮ್ಮನಾಗುವವನಲ್ಲ. "ಪ್ಯಾರಿಸ್‌ನಾಗ ಲಕ್ಷ್ಯ ಸೇನ್ ಹಿಂದ ಪ್ರಕಾಶ್ ಸರ್ ಕೋಚ್ ಆಗಿ ಕುಂತಿದ್ರಲ್ಲ. ಏನಾತು? ನಾಲ್ಕನೇ ಸ್ಥಾನ" ಎಂದ. ಹೌದು, 2024ರಲ್ಲಿ ಕಂಚಿನ ಪಂದ್ಯ ಸೋತ ಮೇಲೆ ಪ್ರಕಾಶ್ ಹುಡುಗನ ಬೆನ್ನು ತಟ್ಟಿ ಕಳಿಸಲಿಲ್ಲ. ಆಟಗಾರರೇ ಹೊಣೆ ಹೊರಬೇಕು ಎಂದು ಖಡಕ್ಕಾಗಿ ಹೇಳಿ ಕೆಲವರ ಸಿಟ್ಟಿಗೂ ಗುರಿಯಾದರು. "ಅಷ್ಟೇ ಅಲ್ಲ ಮಾಮ, ಪಂದ್ಯ ಮುಗಿಯೋತನಕ ಅವ್ನ ಫೋನು ಕಸ್ಕೊಂಡು ಇಟ್ಕೊಂಡಿದ್ರಂತ. ಲಕ್ಷ್ಯ ಸೇನನೇ ಪ್ರಧಾನಿ ಮುಂದ ಹೇಳ್ಯಾನ."

ಅಲ್ಲಿಯವರೆಗೆ ಎತ್ತಿನ ಲೋಕದಲ್ಲಿದ್ದ ತಾತ ಥಟ್ಟನೆ ಇತ್ತ ತಿರುಗಿದ. "ಏನು ಕಸ್ಕೊಂಡ?"

"ಫೋನ್, ತಾತ. ಮೊಬೈಲು."

"ಹುಡುಗ ಕೊಟ್ಟನಾ?"

"ಕೊಟ್ಟಾನ."

ತಾತ ಚಾ ಬಟ್ಟಲು ಕೆಳಗಿಟ್ಟ. "ಹಂಗಾದ್ರ ಅವನೇ ದೊಡ್ಡಾಂವ ಬಿಡ್ರಪ್ಪ, ಇನ್ನೇನು ಕೇಳ್ತೀರಿ" ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಗದ್ದೆಯ ಕಡೆ ಹೊರಟ. ಅಳಿಯ ನನ್ನ ಮುಖ ನೋಡಿ, ಮೊಬೈಲನ್ನು ಮೆಲ್ಲಗೆ ಜೇಬಿಗಿಳಿಸಿದ.